ಕೆಂಪು ಕಾರೂ ಎಣ್ಣೆ ಕಡ್ಡಿಯೂ

ಬೇರೆಯವರಿಗೆ ಮದುವೆ ಮನೆಯಲ್ಲಿ, ರೈಲಿನಲ್ಲಿ, ಆಫೀಸಿನಲ್ಲಿ ತಮಾಷೆಯ ಪ್ರಸಂಗಗಳು ಎದುರಾಗುತ್ತವೆ. ನನಗೆ ಹಾಗಲ್ಲ. ನಾನು ಕಾರಿನ ಎಣ್ಣೆ ಕಡ್ಡಿಯನ್ನು ಹೊರಗೆಳೆದರೆ ಸಾಕು, ಎಲ್ಲಿಂದಲೋ ಒಂದು ಪ್ರಸಂಗ ಬಂದು ಎದುರಿಗೆ ನಿಲ್ಲುತ್ತದೆ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಠಾಣೆ ನಗರದ ಮಾಜಿವಾಡಾದಲ್ಲಿ ನನ್ನದೊಂದು ಇಡ್ಲಿ-ದೋಸೆಯ ಹೋಟೆಲಿದೆ. ಅದಕ್ಕೂ ಮೊದಲು ಡೊಂಬಿವಲಿಯಲ್ಲಿ ಮನೆಯಿದ್ದಾಗ, ಲೋಕಲ್ ಟ್ರೇನಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಇನ್ನೊಂದು ಯಾರದೋ ಕಾಲಿನ ಮೇಲೆ ಇಟ್ಟುಕೊಂಡು ವರ್ಷಗಟ್ಟಲೆ ಓಡಾಡಿದವನು ನಾನು. ಐವತ್ತು ದಾಟಿದ ಮೇಲೆ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು, ಮಾರಾಟಕ್ಕಿದೆ ಎಂದು ತಿಳಿದಾಗ ತಡೆದುಕೊಳ್ಳಲಾಗಲಿಲ್ಲ. ಇರುವ ಎರಡು ಸೀಟಿನಲ್ಲಿ ಒಂದು ಖಾತ್ರಿಯಾಗಿ ನನ್ನದು! ಅಂಥ ವಾಹನದಲ್ಲಿ ನಾನು ಜೀವಮಾನದಲ್ಲೇ ಕೂತಿರಲಿಲ್ಲ. ಆ ಕಾರನ್ನು ನಾನು ಪ್ರೀತಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಈಗಲೂ ಪ್ರೀತಿಸುತ್ತೇನೆ.

ಮಹಾಪೆಯಲ್ಲಿ ಗ್ಯಾರೇಜು ಇಟ್ಟಿರುವ ಒಬ್ಬ ಮರಾಠಿ ಮೆಕ್ಯಾನಿಕ್ ಅದನ್ನು ಪರೀಕ್ಷೆ ಮಾಡಿದರು. ಕಾರಿನ ಅಡಿಯಿಂದ ಎದ್ದು ಬರುವಾಗಲೆಲ್ಲ ಆಪರೇಷನ್ ಮುಗಿಸಿದ ಸರ್ಜನ್ನಿನ ಮುಖ ಮಾಡಿಕೊಂಡೇ ಬರುವ ಮನುಷ್ಯ ಅವರು. "ಎಂಜಿನ್ ಅಚ್ಛಾ ಹೈ ಸೇಠ್, ಲೇಕಿನ್ ತೇಲ್ ಪೀತಾ ಹೈ" ಎಂದರು. ಅಂದರೆ ಎಂಜಿನ್ ಒಳ್ಳೆಯದೇ, ಆದರೆ ಎಣ್ಣೆ ಕುಡಿಯುತ್ತದೆ. ಈ ಕಾರಿನ ಎಂಜಿನ್ನು ಸೀಟುಗಳ ಹಿಂದೆ ಅಡಗಿದೆ. ಎಣ್ಣೆ ಹಾಕುವ ಮುಚ್ಚಳ, ಎಣ್ಣೆ ನೋಡುವ ಕಡ್ಡಿ ಎರಡೂ ಹಿಂದಿನ ಡಿಕ್ಕಿಯ ಮೂಲೆಯಲ್ಲಿವೆ. ಕಡ್ಡಿಯ ತುದಿಯಲ್ಲಿ ಎರಡು ಗೆರೆ. ಎಣ್ಣೆ ಆ ಎರಡು ಗೆರೆಗಳ ನಡುವೆಯೇ ಇರಬೇಕು. ಪ್ರತಿ ಭಾನುವಾರ ನೋಡಬೇಕು. ಕೆಳಗಿನ ಗೆರೆ ಬಿಟ್ಟು ಇಳಿಯಿತೋ, "ಎಂಜಿನ್ ಖೋಲ್ನಾ ಪಡೇಗಾ."

ಈ ಮಾತು ನನ್ನ ಹೆಂಡತಿಯ ಕಿವಿಗೆ ಬಿತ್ತು. ಮನೆಗೆ ಬರುವ ದಾರಿಯಲ್ಲೇ ಷರತ್ತು ಹಾಕಿದಳು. "ಎಂಜಿನ್ ಬಿಚ್ಚಬೇಕು ಅಂತ ಆ ಮನುಷ್ಯ ಯಾವತ್ತು ಹೇಳ್ತಾರೋ, ಆವತ್ತೇ ಈ ಕಾರು ಮಾರುದು. ಹೂಂ ಅನ್ನಿ."

ನಾನು ಹೂಂ ಅಂದೆ. ಸಾಲದ್ದಕ್ಕೆ ಎದುರು ಫ್ಲ್ಯಾಟಿನಲ್ಲೊಬ್ಬ ಬೆಂಗಳೂರಿನವನಿದ್ದಾನೆ, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ. ಕಾರು ಗೇಟಿನೊಳಗೆ ಬಂದ ದಿನವೇ ಅದನ್ನು ಮೂರು ಸುತ್ತು ಸುತ್ತಿ, "ಸಾರ್, ಯಾವತ್ತಾದ್ರೂ ಮಾರೋದಿದ್ರೆ ಮೊದ್ಲು ನಂಗೇ ಹೇಳ್ಬೇಕು" ಅಂದ. ನನ್ನ ಹೆಂಡತಿ ಪಕ್ಕದಿಂದ, "ಖಂಡಿತ ಹೇಳ್ತೇವೆ" ಎಂದು ಮಾತು ಕೊಟ್ಟೇಬಿಟ್ಟಳು. ಅಂದಿನಿಂದ ಪ್ರತಿ ಭಾನುವಾರ ಅವನು ಬಾಲ್ಕನಿಯಿಂದ ಬಗ್ಗಿ, "ಆಯಿಲ್ ಹೇಗಿದೆ ಸಾರ್?" ಎಂದು ಕೇಳುತ್ತಾನೆ. ಅಷ್ಟು ಆಸೆಯಿಂದ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸಬಾರದು.

೧. ಸಮತಟ್ಟು ಜಾಗ

ಎಣ್ಣೆ ನೋಡುವಾಗ ಕಾರು ಸಮತಟ್ಟು ನೆಲದಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ ಎಂದು ಮೆಕ್ಯಾನಿಕ್ ಎಚ್ಚರಿಸಿದ್ದರು. ಹೇಳುವುದು ಸುಲಭ. ನಾವಿರುವ ಹೌಸಿಂಗ್ ಸೊಸೈಟಿಯ ಪಾರ್ಕಿಂಗು ಗೇಟಿನ ಕಡೆಗೆ ಇಳಿಜಾರು. ಹೋಟೆಲಿನ ಮುಂದಿನ ರಸ್ತೆ ಚರಂಡಿಯ ಕಡೆಗೆ ಇಳಿಜಾರು. ಉಳಿದ ಕಡೆಯೆಲ್ಲ ಅಗೆದ ಗುಂಡಿ, ಎದ್ದ ಪೇವರ್ ಬ್ಲಾಕು, ಮೆಟ್ರೋದ ತಗಡಿನ ಬೇಲಿ. ನಾನು ಹೋಟೆಲಿನಿಂದ ಒಂದು ಸ್ಟೀಲ್ ತಟ್ಟೆ, ಒಂದು ಬಾಟಲಿ ನೀರು ಕಾರಿನಲ್ಲಿಟ್ಟುಕೊಂಡೆ. ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿ ತಟ್ಟೆ ನೆಲಕ್ಕಿಟ್ಟು ನೀರು ಹೊಯ್ದು, ನೀರು ಯಾವ ಕಡೆಗೆ ವಾಲುತ್ತದೆ ಎಂದು ನೋಡುವುದು ನನ್ನ ವಿಧಾನ.

ಕೊನೆಗೂ ನೀರು ಒಂಚೂರೂ ಅಲುಗದ ಜಾಗ ಸಿಕ್ಕಿತು. ಚೊಕ್ಕಟ ಕಾಂಕ್ರೀಟು, ಮರದ ನೆರಳು, ಹಾರ್ನ್ ಇಲ್ಲ, ಪಾರ್ಕಿಂಗಿಗೆ ಜಗಳ ಇಲ್ಲ. ಅದು ಸ್ಮಶಾನದ ಮುಂದಿನ ಅಂಗಳ.

ನನಗೇನೂ ಅಳುಕಿರಲಿಲ್ಲ. ಎಂಜಿನ್ ಆರಿಸಿದ ಮೇಲೆ ಎಣ್ಣೆ ಕೆಳಗಿಳಿಯುವವರೆಗೆ ಸ್ವಲ್ಪ ಹೊತ್ತು ಕಾಯಬೇಕು. ಹಾಗಾಗಿ ಡಿಕ್ಕಿ ತೆರೆದು, ಕಾಲ ಬಳಿ ನೀರಿನ ತಟ್ಟೆ ಇಟ್ಟುಕೊಂಡು, ತಲೆ ತಗ್ಗಿಸಿ ಸುಮ್ಮನೆ ನಿಂತಿರುತ್ತಿದ್ದೆ. ಆ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ಕರಾವಳಿಯ ನಮ್ಮ ಊರ ಕಡೆಯವರ ಕಣ್ಣಿಗೆ ಈ ದೃಶ್ಯ ಹೇಗೆ ಕಾಣುತ್ತದೆಂದು ನಾನು ಯೋಚಿಸಿರಲಿಲ್ಲ.

ಒಂದು ಭಾನುವಾರ ಮನೆಗೆ ಬಂದರೆ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ನೆಂಟರು, ಪರಿಚಯದವರು, ಹೋಟೆಲಿನ ಹಳೆಯ ಗಿರಾಕಿಗಳು ದನಿ ತಗ್ಗಿಸಿ ಕೂತಿದ್ದರು. ಒಬ್ಬರು ನನ್ನ ಕೈ ಹಿಡಿದು, "ಯಾರು ಹೋದದ್ದು ಮಾರಾಯ್ರೆ? ನಮಗೆ ಒಂದು ಮಾತು ಹೇಳ್ಲಿಲ್ಲ ನೀವು" ಎಂದು ಕಣ್ಣೊರೆಸಿಕೊಂಡರು.

ಅಡುಗೆಮನೆಯಿಂದ ಹೆಂಡತಿ ಬಂದಳು. "ಯಾರೂ ಹೋಗ್ಲಿಲ್ಲ. ಇವರ ತಲೆ ಒಂದು ಹೋಗಿ ಆರು ತಿಂಗಳಾಯ್ತು. ಅದಕ್ಕೆ ಸೂತಕ ಇಲ್ಲ. ಕಾಫಿ ಕುಡಿದು ಹೋಗಿ."

೨. ಕಲ್ಯಾಣದ ಮದುವೆ

ಹೆಂಡತಿಯ ತವರಿನ ಕಡೆಯ ಒಂದು ಮದುವೆ ಕಲ್ಯಾಣ ಪಟ್ಟಣದ ಛತ್ರವೊಂದರ ಹಾಲಿನಲ್ಲಿತ್ತು. ನಾನು ಗರಿಗರಿ ಬಿಳಿ ಪಂಚೆ ಉಟ್ಟು, ಅವಳನ್ನು ಕೆಂಪು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಟ್ರಾಫಿಕ್ ಜಾಮು. ಲಾರಿಗಳ ನಡುವೆ ಕಾರು ನಿಂತಲ್ಲೇ ಗುರುಗುಟ್ಟುತ್ತಿದ್ದರೆ ನನಗೆ ಒಳಗೊಳಗೇ ಸಂಕಟ. ಎಣ್ಣೆ ಎಷ್ಟು ಕುಡಿಯಿತೋ, ಕೆಳಗಿನ ಗೆರೆ ದಾಟಿತೋ! ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಕಡ್ಡಿ ಎಳೆದೆ. ಮೊದಲ ಸಲ ಎಳೆದದ್ದನ್ನು ಒರೆಸಿ, ಮತ್ತೆ ಅದ್ದಿ ನೋಡಬೇಕು. ಒರೆಸುವ ಬಟ್ಟೆ ಮನೆಯಲ್ಲೇ ಉಳಿದಿತ್ತು. ನಾನು ಸುತ್ತಮುತ್ತ ನೋಡಿದೆ.

"ನನ್ನ ಸೀರೆ ಕಡೆ ನೋಡಿದ್ರೆ ಜಾಗ್ರತೆ" ಎಂದಳು.

ಬೇರೆ ದಾರಿಯಿರಲಿಲ್ಲ. ಪಂಚೆಯ ಅಂಚಿಗೇ ಒರೆಸಿದೆ. ಎಣ್ಣೆ ಸರಿಯಾಗಿತ್ತು, ಪಂಚೆ ಮಾತ್ರ ಸರಿ ಉಳಿಯಲಿಲ್ಲ. ಹಾಲಿಗೆ ತಲುಪಿದಾಗ ಮುಹೂರ್ತ ಮುಗಿದು ಊಟ ನಡೆಯುತ್ತಿತ್ತು. ಹೆಂಡತಿ ನನ್ನ ಜೊತೆ ಬಂದವಳೇ ಅಲ್ಲವೆಂಬಂತೆ ಮುಂದೆ ಹೋಗಿ ಅಕ್ಕತಂಗಿಯರ ಸಾಲಿನಲ್ಲಿ ಕೂತಳು. ನಾನು ಅಂಗಿಯ ತೋಳು ಮಡಚಿಕೊಂಡು, ಕಪ್ಪು ಕಲೆಯ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಊಟದ ಹಾಲಿನ ಬಾಗಿಲಲ್ಲಿ ನಿಂತೆ. ಹುಡುಗಿಯ ಕಡೆಯ ಒಬ್ಬ ಹಿರಿಯರು ಓಡಿ ಬಂದರು.

"ಇಲ್ಲಿ ಎಂತ ಬಾಯಿಬಿಟ್ಟು ನಿಂತದ್ದು? ಎರಡನೇ ಸಾಲಿಗೆ ಸಾಂಬಾರು ಬರ್ಲೇ ಇಲ್ಲ!" ಎಂದು ಬಕೆಟು, ಸೌಟು ಕೈಗೆ ಕೊಟ್ಟರು.

ನಾನು ಆಗಲೇ ಹೇಳಬಹುದಿತ್ತು. ಆದರೆ ಬಕೆಟು ಕೈಗೆ ಬಂದರೆ ನಮ್ಮ ಜಾತಿಯ ಹೋಟೆಲಿನವರ ಕಾಲು ತಾನಾಗಿ ನಡೆಯುತ್ತದೆ. ಸಾಲಿನುದ್ದಕ್ಕೂ ಬಡಿಸುತ್ತ ಹೋದೆ. ನಾದಿನಿ ನನ್ನನ್ನು ಕಂಡು ಕಣ್ಣರಳಿಸಿ, "ಅಕ್ಕಾ, ಅದು ಭಾವ ಅಲ್ವಾ?" ಎಂದಳು. "ಅಲ್ಲ, ನೋಡಬೇಡ" ಎಂದಳು ಹೆಂಡತಿ. ನಾನು ಅವಳ ಎಲೆಯ ಮುಂದೆ ಬಗ್ಗಿದಾಗ ತಲೆ ಎತ್ತದೆ ಹೇಳಿದಳು:

"ಅಡುಗೆಯವರೇ, ಸಾಂಬಾರು ಸಾಕು. ಒಳಗೆ ಗೋಡಂಬಿ ಪಾಯಸ ಉಂಟಂತೆ, ಅದು ಸ್ವಲ್ಪ ಬೇಗ ತನ್ನಿ."

೩. ಸಾಕು ಎನ್ನದ ಗಿರಾಕಿ

ಸೊಸೈಟಿಗೆ ಬಣ್ಣ ಹೊಡೆಯುತ್ತಿದ್ದಾಗ ಕಾರನ್ನು ಹೋಟೆಲಿನ ಹಿತ್ತಲಿನಲ್ಲಿ ನಿಲ್ಲಿಸಿ, ಒಂದು ವಾರ ಊರಿಗೆ ಹೋಗಬೇಕಾಯಿತು. ನಮ್ಮ ಹೋಟೆಲಿನ ಅತ್ಯಂತ ಹಿರಿಯ ಸಪ್ಲೈಯರಿಗೆ ಕಡ್ಡಿ ತೋರಿಸಿ, ಎಣ್ಣೆಯ ಡಬ್ಬಿ ಕೊಟ್ಟು, "ದಿನಾ ಒಮ್ಮೆ ಸ್ಟಾರ್ಟ್ ಮಾಡಿ. ಎಣ್ಣೆ ನೋಡಿ. ಕಡಿಮೆ ಕಂಡರೆ ಸ್ವಲ್ಪ ಹಾಕಿ" ಎಂದೆ. ಅವರು ತಲೆಯಲ್ಲಾಡಿಸಿದರು. ಇಷ್ಟು ನಂಬಿಕಸ್ಥ ಮನುಷ್ಯ ಠಾಣೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಮರಳಿ ಬಂದು ಕಾರನ್ನು ಮನೆಗೆ ಹೊರಡಿಸಿದೆ. ಸೊಸೈಟಿಯ ಗೇಟು ದಾಟುವ ಹೊತ್ತಿಗೆ ಹಿಂದಿನಿಂದ ಬೂದುಬಣ್ಣದ ಹೊಗೆ ದಟ್ಟವಾಗಿ ಏಳತೊಡಗಿತು. ಮುಂದಿನ ಕಟ್ಟಡ ಕಾಣಿಸದಷ್ಟು ಹೊಗೆ. ನಾನು ಗಾಬರಿಯಲ್ಲಿ ಪಾರ್ಕಿಂಗ್ ಹುಡುಕುತ್ತ ಇಡೀ ಅಂಗಳಕ್ಕೆ ಒಂದು ಸುತ್ತು ಹಾಕಿದೆ. ಎಲ್ಲ ಮನೆಗಳ ಕಿಟಕಿಗಳು ಧಡಧಡನೆ ಮುಚ್ಚಿಕೊಂಡವು. ಸೆಕ್ರೆಟರಿ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದು ಹೊಗೆಯ ಕಡೆಗೆ ಕೈಮುಗಿದರು. "ಶುಕ್ರಿಯಾ! ಪಂದ್ರಾ ದಿನ್ ಸೇ ಮಚ್ಛರ್ ಕಾ ಫಾಗಿಂಗ್ ಬೋಲ್ ರಹೇ ಹೈಂ, ಆಜ್ ಆಯೇ ಆಪ್. ಬೀ ವಿಂಗ್ ಕೇ ಪೀಛೇ ಭೀ ಮಾರ್ ದೋ." ಹದಿನೈದು ದಿನದಿಂದ ಕರೆಯುತ್ತಿದ್ದ ಸೊಳ್ಳೆ ಹೊಗೆಯವನು ಕೊನೆಗೂ ಬಂದನೆಂದುಕೊಂಡು, ಬೀ ವಿಂಗಿನ ಹಿಂದೆಯೂ ಹೊಡೆಯಲು ಹೇಳಿದರು.

ಎದುರು ಫ್ಲ್ಯಾಟಿನವನು ಮಾತ್ರ ಕಿಟಕಿ ಮುಚ್ಚಲಿಲ್ಲ. ಕೆಮ್ಮುತ್ತಲೇ, "ಇಂಜಿನ್ ಬಿಚ್ಚಬೇಕಾಗುತ್ತಾ ಸಾರ್?" ಎಂದು ಕೂಗಿದ.

ಕಾರನ್ನು ಟೋ ಮಾಡಿಸಿ ಮಹಾಪೆಗೆ ಒಯ್ದೆ. ಹೆಂಡತಿ ಜೊತೆಗಿರಲಿಲ್ಲ, ಪುಣ್ಯ. ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ, ಮೇಲಿನ ಗೆರೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಎಣ್ಣೆ ಅದನ್ನು ಮುಳುಗಿಸಿ ಎಷ್ಟೋ ಮೇಲೆ ಹೋಗಿತ್ತು. ಹೆಚ್ಚಾದದ್ದನ್ನು ಬಸಿದು ತೆಗೆದರು, ಎಂಜಿನ್ನಿಗೆ ಏನೂ ಆಗಿಲ್ಲ ಎಂದರು. ನನ್ನ ಜೀವ ಮರಳಿ ಬಂತು.

ಹೋಟೆಲಿಗೆ ಬಂದು ಹಿರಿಯ ಸಪ್ಲೈಯರನ್ನು ತರಾಟೆಗೆ ತೆಗೆದುಕೊಂಡೆ. "ಸ್ವಲ್ಪ ಹಾಕಿ ಅಂದ್ರೆ ದಿನಾ ಒಂದೊಂದು ಸೌಟು ಹಾಕುದಾ?"

ಅವರಿಗೆ ಬೇಜಾರಾಯಿತು. ಇಷ್ಟು ವರ್ಷ ಪಂಕ್ತಿಯಲ್ಲಿ ಬಡಿಸಿದವರು, ಖಾಲಿ ಜಾಗ ಕಂಡರೆ ತುಂಬಿಸುವುದು, ಎಲೆಗೆ ಕೈ ಅಡ್ಡ ಬಂದರೆ ನಿಲ್ಲಿಸುವುದು, ಅಷ್ಟೇ ಅವರಿಗೆ ಗೊತ್ತಿರುವ ನಿಯಮ.

"ನಾನು ಎಂತ ಮಾಡುದು ಧಣಿ?" ಎಂದರು. "ಅದು ಒಂದು ದಿನ ಸಹ ಸಾಕು ಅನ್ಲಿಲ್ಲ."

೪. ಬಹುಮತ

ಕಡ್ಡಿಯಲ್ಲಿ ಇನ್ನೊಂದು ತಂಟೆಯಿದೆ. ಕೆಲವು ಸಲ ಒಂದು ಬದಿಯಲ್ಲಿ ಎಣ್ಣೆ ಮೇಲಿನ ಗೆರೆಯ ಹತ್ತಿರ ಕಾಣುತ್ತದೆ, ತಿರುಗಿಸಿದರೆ ಕೆಳಗಿನ ಗೆರೆಯ ಹತ್ತಿರ. ಆ ಭಾನುವಾರ ಹಾಗೆಯೇ ಆಯಿತು. ಸ್ಮಶಾನಕ್ಕೆ ಹೋಗುವುದು ನಿಂತು, ಪಾರ್ಕಿಂಗಿನಲ್ಲೇ ಹಿಂದಿನ ಚಕ್ರಗಳ ಅಡಿಗೆ ಹಲಗೆ ಕೊಟ್ಟು ಮಟ್ಟ ಮಾಡಿಕೊಂಡು ನೋಡುತ್ತಿದ್ದೆ. ಎದುರು ಫ್ಲ್ಯಾಟಿನವನು ಮೊಬೈಲ್ ಟಾರ್ಚು ಹಿಡಿದು ಬಂದ.

"ಕಮ್ಮಿ ಇದೆ ಸಾರ್. ತುಂಬಾನೇ ಕಮ್ಮಿ. ಇಂಜಿನ್ನಿಗೆ ಡೇಂಜರ್" ಎಂದ.

"ಆ ಬದಿ ನೋಡಬೇಡ. ಈ ಬದಿ ನೋಡು, ಭರ್ತಿ ಉಂಟು" ಎಂದೆ.

ಮಾತಿಗೆ ಮಾತು ಬೆಳೆಯಿತು. ಅದೇ ಪಾರ್ಕಿಂಗಿನ ಇನ್ನೊಂದು ಬದಿಯಲ್ಲಿ ಕುರ್ಚಿ ಹಾಕಿಕೊಂಡು ಸೊಸೈಟಿಯ ವಾರ್ಷಿಕ ಸಭೆ ನಡೆಯುತ್ತಿತ್ತು. ಲಿಫ್ಟಿನ ವಿಷಯದಲ್ಲಿ ಒಂದು ಗಂಟೆ ಕಾದಾಡಿ ಸುಸ್ತಾದ ಜನರಿಗೆ ನಮ್ಮ ಜಗಳ ಹೊಸ ಹುರುಪು ಕೊಟ್ಟಿತು. ಕಡ್ಡಿ ಕೈಯಿಂದ ಕೈಗೆ ಸಾಗಿತು. ಪ್ರತಿಯೊಬ್ಬರೂ ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದರು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಎರಡೂ ಬದಿಯ ಸರಾಸರಿ ತೆಗೆಯಬೇಕೆಂದರು. ಒಬ್ಬ ಅಜ್ಜಿ ಕಡ್ಡಿ ಮುಟ್ಟಿದ ಬೆರಳನ್ನು ಎದ್ದು ಹೋಗಿ ತೊಳೆದುಕೊಂಡು ಬಂದು, ಮತ್ತೊಮ್ಮೆ ಮುಟ್ಟಿ ನೋಡಿದರು.

ಕೊನೆಗೆ ಚೇರ್ಮನ್ನರು ಕೈ ಎತ್ತಿಸಿದರು. ಎಣ್ಣೆ ಸಾಕಷ್ಟಿದೆ ಎನ್ನುವವರು ಜಾಸ್ತಿಯಾದರು. ಅವರು ಗಂಭೀರವಾಗಿ ಘೋಷಿಸಿದರು: "ತೇಲ್ ಬರಾಬರ್ ಹೈ. ಠರಾವ್ ಪಾಸ್. ಅಬ್ ಇಸ್‌ಕೇ ಬಾದ್ ಯೇ ತೇಲ್ ಕಮ್ ಹುವಾ, ತೋ ಅಗಲೀ ಮೀಟಿಂಗ್ ತಕ್ ಕಮ್ ನಹೀಂ ಮಾನಾ ಜಾಯೇಗಾ." ಅಂದರೆ ಮುಂದಿನ ಸಭೆಯವರೆಗೆ ಎಣ್ಣೆ ಇಳಿದರೂ ಅದನ್ನು ಇಳಿದದ್ದೆಂದು ಒಪ್ಪುವಂತಿಲ್ಲ.

೫. ಬಿಳಿ ನೊರೆ

ಆ ಡಿಸೆಂಬರಿನಲ್ಲಿ ಮನೆಯಲ್ಲಿ ಎರಡು ಒಳ್ಳೆಯ ಬದಲಾವಣೆಗಳಾದವು. ಒಂದು, ಇಡ್ಲಿ. ನಾವಿರುವುದು ಖಾಡಿಯ ಹಿನ್ನೀರಿನ ಗಾಳಿ ಹೊಡೆಯುವ ಎತ್ತರದ ಮಹಡಿಯಲ್ಲಿ. ಚಳಿ ಬಂದರೆ ಹೆಂಡತಿಯ ಹಿಟ್ಟು ಹುದುಗುವುದೇ ಇಲ್ಲ. ಹೋಟೆಲಿನ ಹಿಟ್ಟು ತಂದುಕೊಡುತ್ತೇನೆ ಎಂದರೆ, ಅದನ್ನು ಗಿರಾಕಿಗಳಿಗೇ ಕೊಡಿ ಎನ್ನುತ್ತಾಳೆ. ಆ ವರ್ಷ ಮಾತ್ರ ಭಾನುವಾರದ ಇಡ್ಲಿ ಹೂವಿನಂತೆ ಅರಳಿ ಬರತೊಡಗಿತು. ನಾನು ಹೊಗಳಿದರೆ ಅವಳು ಇನ್ನೊಂದು ಸೌಟು ಚಟ್ನಿ ಬಡಿಸುತ್ತಿದ್ದಳು.

ಎರಡು, ಅವಳಿಗೂ ಕಾರಿನ ಮೇಲೆ ಪ್ರೀತಿ ಹುಟ್ಟಿತು. ಶನಿವಾರ ಸಂಜೆ ನಾನು ಬಂದ ಕೂಡಲೇ, "ಇವತ್ತು ತುಂಬಾ ದೂರ ಹೋಗಿದ್ರಾ?" ಎಂದು ಕೇಳುವಳು. ಹೌದೆಂದರೆ ಖುಷಿಪಡುವಳು. ಒಂದು ಸಲ ಅವಳು ಡಿಕ್ಕಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತದ್ದನ್ನು ಕಂಡೆ. ನನ್ನ ಎದೆ ತುಂಬಿ ಬಂತು. ಈ ಹೆಣ್ಣುಮಗಳನ್ನು ನಾನು ತಪ್ಪು ತಿಳಿದಿದ್ದೆನಲ್ಲ ಅನ್ನಿಸಿತು.

ಒಂದು ಭಾನುವಾರ ಕಾರನ್ನು ಸರ್ವೀಸಿಗೆ ಮಹಾಪೆಗೆ ಒಯ್ದೆ. ವಾಪಸು ಬರುವಾಗ ಐರೋಲಿಯಲ್ಲಿ ತನ್ನ ತಂಗಿಯ ಮನೆಗೆ ಹೋಗೋಣವೆಂದು ಹೆಂಡತಿಯೂ ಬಂದಳು. ಎದುರು ಫ್ಲ್ಯಾಟಿನವನು ಕರೆಯದಿದ್ದರೂ ಬೈಕಿನಲ್ಲಿ ಹಿಂದೆಯೇ ಬಂದ. ಮೆಕ್ಯಾನಿಕ್ ಡಿಕ್ಕಿ ತೆರೆದರು. ತೆರೆದವರು ಅಲ್ಲಾಡಲಿಲ್ಲ.

"ಸೇಠ್, ಇಧರ್ ಆವೋ."

ಹೋಗಿ ನೋಡಿದೆ. ಎಣ್ಣೆಯ ಮುಚ್ಚಳದ ಸುತ್ತ, ಕಡ್ಡಿಯ ಬುಡದಲ್ಲಿ, ಬಿಳಿ ಬಿಳಿ ನೊರೆ ಉಕ್ಕಿ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಸರ್ಜನ್ನಿನ ಮುಖ ಮಾಡಿಕೊಂಡು ಮೆಲ್ಲಗೆ ವಿವರಿಸಿದರು. ಎಂಜಿನ್ನಿನೊಳಗೆ ನೀರು ಎಣ್ಣೆಗೆ ಸೇರಿದರೆ ಎಣ್ಣೆ ಹೀಗೇ ಹಾಲಿನ ಹಾಗೆ ಬೆಳ್ಳಗಾಗಿ ನೊರೆ ಬರುತ್ತದೆ. ನೀರನ್ನೂ ಎಣ್ಣೆಯನ್ನೂ ಬೇರೆಯಾಗಿಡುವ ಒಳಗಿನ ಗ್ಯಾಸ್ಕೆಟ್ ಹೋಗಿದೆ. ಆಮೇಲೆ ಯಾವ ಮಾತಿಗೆ ನಾನು ಇಷ್ಟು ಕಾಲ ಹೆದರಿದ್ದೆನೋ ಅದನ್ನೇ ಆಡಿಬಿಟ್ಟರು.

"ಎಂಜಿನ್ ಖೋಲ್ನಾ ಪಡೇಗಾ."

ಎದುರು ಫ್ಲ್ಯಾಟಿನವನು ಹೆಲ್ಮೆಟ್ ತೆಗೆದು, ಕೆಂಪು ಬಾಗಿಲನ್ನು ಸವರಿದ. "ಬೇಜಾರ್ ಮಾಡ್ಕೋಬೇಡಿ ಸಾರ್. ಬಿಚ್ಚಿಸೋದು ನಾನ್ ನೋಡ್ಕೋತೀನಿ."

ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಕೊಟ್ಟ ಮಾತು ಕೊಟ್ಟದ್ದೇ. ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟೆ. ಹೆಂಡತಿ ಈಗ ಗೆದ್ದ ಮುಖ ಮಾಡಿರುತ್ತಾಳೆ ಎಂದುಕೊಂಡು ತಿರುಗಿದರೆ, ಅವಳು ತಲೆ ಎತ್ತಿ ಗ್ಯಾರೇಜಿನ ಮಾಡನ್ನು ನೋಡುತ್ತಿದ್ದಳು. ಅಲ್ಲಿ ಒಂದು ಫ್ಯಾನು ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಮೆಕ್ಯಾನಿಕ್ ಬೆರಳಿನಿಂದ ನೊರೆಯನ್ನು ಕೆರೆದು ಮೂಗಿನ ಹತ್ತಿರ ತಂದರು. ಮುಖ ಕಿವುಚಿತು. "ಛೀ! ಕಿತ್ನಾ ಸಡ್ ಗಯಾ ಹೈ! ಐಸಾ ಸಡಾ ಹುವಾ ಮಾಲ್!" ಎಂದರು, ಇಷ್ಟು ಕೊಳೆತದ್ದನ್ನು ಜೀವಮಾನದಲ್ಲೇ ಕಂಡಿಲ್ಲವಂತೆ.

"ಸಡಾ ಹುವಾ?"

ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಿದ್ದಳು. "ಕಿಸ್‌ಕೋ ಸಡಾ ಹುವಾ ಬೋಲ್ತಾ ಹೈ? ವೋ ಮೇರಾ ಇಡ್ಲೀ ಕಾ ಹಿಟ್ಟು ಹೈ! ಕಲ್ ರುಬ್ಬಿದ್ದು, ಆಜ್ ಬೆಳಿಗ್ಗೆ ಉಠಾಯಾ. ಸೋಡಾ ನಹೀಂ, ಕುಛ್ ನಹೀಂ. ಮೂವತ್ತು ವರ್ಷದಲ್ಲಿ ನನ್ನ ಹಿಟ್ಟು ಕೆಟ್ಟದ್ದು ಅಂತ ಒಬ್ಬರು ಹೇಳ್ಲಿಲ್ಲ, ಗೊತ್ತುಂಟಾ?"

ಮೆಕ್ಯಾನಿಕ್ ಇನ್ನೊಮ್ಮೆ ಮೂಸಿದರು. ಈ ಸಲ ಮುಖ ಕಿವುಚಲಿಲ್ಲ. "ಇಡ್ಲೀ?" ಎಂದರು.

ವಿಷಯವೆಲ್ಲ ಹೊರಗೆ ಬಂತು. ಕಾರು ಓಡಿ ಬಂದ ಮೇಲೆ ಡಿಕ್ಕಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದನ್ನು ಕಂಡುಹಿಡಿದ ಮೇಲೆ ಅವಳು ಪ್ರತಿ ಶನಿವಾರ ಹಿಟ್ಟಿನ ಪಾತ್ರೆಯನ್ನು ಅಲ್ಲಿಟ್ಟು, ನಾನು ಏಳುವ ಮೊದಲೇ ಎತ್ತಿಕೊಂಡು ಬರುತ್ತಿದ್ದಳು. ಈ ಸಲ ತಂಗಿಯ ಮನೆಗೂ ಒಯ್ಯಬೇಕೆಂದು ಪಾತ್ರೆ ಭರ್ತಿ ತುಂಬಿಸಿದ್ದಳು. ಹಿಟ್ಟು ಉಕ್ಕಿತ್ತು. ಒರೆಸಿದ್ದಳು, ಮೂಲೆಗೆ ಕೈ ಎಟುಕಿರಲಿಲ್ಲ.

ಮೆಕ್ಯಾನಿಕ್ ಮೂಲೆಯನ್ನೆಲ್ಲ ಒರೆಸಿ ಕಡ್ಡಿ ಎಳೆದರು. ತಿಳಿಯಾದ, ಜೇನಿನ ಬಣ್ಣದ ಎಣ್ಣೆ, ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತ್ತು. "ಎಂಜಿನ್ ಏಕ್‌ದಮ್ ಠೀಕ್" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಭಾಭೀ, ಬರ್ತನ್ ಮೇಂ ಭೀ ಏಕ್ ಲೈನ್ ಮಾರೋ. ಉಸ್‌ಕೇ ಊಪರ್ ಮತ್ ಭರೋ" ಎಂದು ಪಾತ್ರೆಗೂ ಒಂದು ಗೆರೆ ಎಳೆದು ಅದರ ಮೇಲೆ ತುಂಬದಿರುವ ಸಲಹೆ ಕೊಟ್ಟರು.

ಎದುರು ಫ್ಲ್ಯಾಟಿನವನು ಕೀ ಹಿಡಿದುಕೊಂಡೇ ನಿಂತಿದ್ದ. "ಆಂಟೀ, ಹಾಗಾದ್ರೆ ಕಾರು ಮಾರೋದು?"

ಅವಳು ಕೀಯನ್ನು ಅವನ ಕೈಯಿಂದ ಕಿತ್ತುಕೊಂಡಳು. "ಎಂತ ಮಾರುದು? ಹಿಟ್ಟು ಎಲ್ಲಿ ಇಡುದು ಮತ್ತೆ?"

ಮುಂದಿನ ಶನಿವಾರ ಸಂಜೆ ಹೋಟೆಲಿನಿಂದ ಬಂದು ಸೋಫಾದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದೆ. ಒಳಬದಿಗೆ ನೇಲ್ ಪಾಲಿಶಿನಲ್ಲಿ ಕೆಂಪು ಗೆರೆ ಎಳೆದ ಪಾತ್ರೆ ಹಿಡಿದುಕೊಂಡು ಹೆಂಡತಿ ಕೆಳಗೆ ಹೋದಳು. ನೇಲ್ ಪಾಲಿಶ್ ಹಿಟ್ಟಿಗೆ ಸೇರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಪಾತ್ರೆಯ ಸಮೇತ ವಾಪಸು ಬಂದಳು. ಮುಖ ಗಂಟಿಕ್ಕಿತ್ತು.

"ಮಾಜಿವಾಡಾದಿಂದ ಸೀದಾ ಮನೆಗೆ ಬಂದದ್ದಾ?"

"ಹೌದು."

"ಅದಕ್ಕೇ ಮತ್ತೆ! ಡಿಕ್ಕಿ ತಣ್ಣಗುಂಟು." ಅವಳು ಮೊಳೆಗೆ ನೇತುಹಾಕಿದ್ದ ಕೀಯನ್ನು ತೆಗೆದು ನನ್ನ ಮಡಿಲಿಗೆ ಎಸೆದಳು. "ಬೂಟು ಹಾಕಿಕೊಳ್ಳಿ. ಐರೋಲಿ ಸೇತುವೆವರೆಗೆ ಒಂದು ರೌಂಡ್ ಹೋಗಿ ಬನ್ನಿ. ಸ್ವಲ್ಪ ಜೋರಾಗಿಯೇ ಓಡಿಸಿ."